ನಮ್ಮೂರ ಆಲೂಗೆಡ್ಡೆಗೆ ಬಿತ್ತನೆ ಜಲಂಧರದಿಂದ

ಹೋದ ವಾರ ಮನೆ ಹತ್ರ ತರಕಾರಿ ಗಾಡಿಯವನ ಹತ್ರ ಎರಡು ಕೆಜಿ ಆಲೂಗೆಡ್ಡೆ ತೂಗಿಸ್ಕೊಳ್ತಾ ಸುಮ್ನೆ ಬಾಯಿಗೆ ಬಂತು ಅಂತ "ಹಾಸನದ್ದಾ?" ಅಂದೆ. "ಹಾಸನದ್ದು ಎಲ್ಲಿ ಬರುತ್ತೆ ಸಾರ್ ಈಗ, ಆಗ್ರಾ ಇದು" ಅಂತ ನಕ್ಕ. ರಾತ್ರಿ ಅವ್ವಂಗೆ ಫೋನ್ ಮಾಡಿದಾಗ ಇದನ್ನ ಹೇಳಿದ್ರೆ ಅವಳೇನೂ ಬೇಜಾರು ಮಾಡ್ಕೊಳ್ಲಿಲ್ಲ, "ನಾವೂ ಸಂತೇಲಿ ಅದನ್ನೇ ಕಣಪ್ಪ ತರೋದು" ಅಂದ್ಲು. ಹಾಸನ ಜಿಲ್ಲೆ ಅರಕಲಗೂಡು ಕಡೆ ಊರು ನಮ್ದು, ಆಲೂಗೆಡ್ಡೆ ಬೆಳೆಯೋ ಸೀಮೆ. ಅಲ್ಲಿ ಆಗ್ರಾ ಆಲೂಗೆಡ್ಡೆ ದುಡ್ಡು ಕೊಟ್ಟು ತಿನ್ನೋದು ಅಂದ್ರೆ ನಮ್ಮ ತಾತ ಇದ್ದಿದ್ರೆ ಬೈಗುಳ ಗ್ಯಾರಂಟಿ ಇತ್ತು.

ನಾನು ಹೈಸ್ಕೂಲಲ್ಲಿದ್ದಾಗ ಏಪ್ರಿಲ್ ಕೊನೆ ಬಂತು ಅಂದ್ರೆ ಹಾಸನ ಎಪಿಎಂಸಿ ತುಂಬಾ ಬಿತ್ತನೆ ಗೆಡ್ಡೆ ಹೊತ್ತ ಪಂಜಾಬ್ ಲಾರಿ. ಪೇಟ ಸುತ್ತಿದ ಡ್ರೈವರ್‌ಗಳು ಲಾರಿ ನೆರಳಲ್ಲೇ ಸ್ಟೌ ಹಚ್ಚಿ ರೊಟ್ಟಿ ಸುಡ್ತಾ ಇರೋರು. ಅಪ್ಪ ಚೀಲದೊಳಗೆ ಮೊಣಕೈ ತನಕ ಕೈ ಹಾಕಿ ತಳದಿಂದ ಒಂದು ಗೆಡ್ಡೆ ಎತ್ತಿ, ಒತ್ತಿ, ಮೂಸಿ, ಮೊಳಕೆ ಒಡೆಯೋ ಕಣ್ಣು ಎಷ್ಟಿದೆ ಅಂತ ನೋಡಿ ಆಮೇಲೆ ರೇಟ್ ಮಾತಾಡ್ತಿದ್ದ, ಯಾಕಂದ್ರೆ ಚೀಲದ ಬಾಯಲ್ಲಿರೋದು ಯಾವಾಗ್ಲೂ ಚೆನ್ನಾಗೇ ಇರುತ್ತೆ. ಮನೆಗೆ ತಂದ್ಮೇಲೆ ಜಗಲಿ ಮೇಲೆ ಅಜ್ಜಿ, ಅವ್ವ, ಅಕ್ಕಪಕ್ಕದ ಮನೆ ಹೆಂಗಸರು ಕುಡ್ಲು ಹಿಡ್ಕೊಂಡು ಕೂತು ಒಂದೊಂದು ಹೋಳಲ್ಲೂ ಎರಡು ಕಣ್ಣು ಉಳಿಯೋ ಹಾಗೆ ಕೊಯ್ಯೋರು. ಕೊಳೆತ ಗೆಡ್ಡೆ ಕೊಯ್ದ್ರೆ ಕುಡ್ಲನ್ನ ಔಷಧಿ ನೀರಿಗೆ ಅದ್ದಿ ಒರೆಸ್ಬೇಕು, ಇಲ್ಲಾಂದ್ರೆ ಆ ಕೊಳೆ ಮುಂದಿನ ಹತ್ತು ಹೋಳಿಗೂ ಹತ್ತುತ್ತೆ. ಕೊಳೆತದ್ದನ್ನ ಆರಿಸಿ ತಿಪ್ಪೆಗೆ ಹಾಕೋದು ನನ್ನ ಡ್ಯೂಟಿ, ಆ ವಾಸನೆ ಊಟಕ್ಕೆ ಕೂತಾಗ್ಲೂ ಕೈ ಬಿಡ್ತಿರ್ಲಿಲ್ಲ.

ಮೇ ತಿಂಗಳ ಮಳೆ ಬಿದ್ದು ನೆಲ ಹದ ಆದ ಕೂಡ್ಲೇ ಬಿತ್ತನೆ. ಮೂರು ತಿಂಗಳ ಬೆಳೆ, ಗೌರಿ ಹಬ್ಬದ ಹೊತ್ತಿಗೆ ಕೈಗೆ ಕಾಸು. ನಮ್ಮ ಹೊಸ ಬಟ್ಟೆ, ಸೊಸೈಟಿ ಸಾಲ, ಅಕ್ಕನ ಮದುವೆ ಚೀಟಿ ಎಲ್ಲಾ ಇದರಲ್ಲೇ ನಡೀತಿತ್ತು. ಜಿಲ್ಲೆಯಲ್ಲಿ ಒಂದು ಕಾಲಕ್ಕೆ 40 ಸಾವಿರ ಹೆಕ್ಟೇರ್ ದಾಟ್ತಿದ್ದ ಬೆಳೆ ಇದು, ಈಗ 10 ಸಾವಿರ ಮುಟ್ಟೋದೇ ಕಷ್ಟ.

ಯಾಕೆ ಅಂತ ಯಾರನ್ನ ಕೇಳಿದ್ರೂ ಅಂಗಮಾರಿ ರೋಗ ಅಂತಾರೆ. ಸುಳ್ಳಲ್ಲ. 2006-07ರ ಆಸುಪಾಸಿಂದ ಶುರುವಾಗಿದ್ದು ಆಮೇಲೆ ಬಿಡ್ಲೇ ಇಲ್ಲ. ಜುಲೈಯಲ್ಲಿ ಮೂರ್ನಾಲ್ಕು ದಿನ ಸೂರ್ಯನ ಮುಖ ಕಾಣದೆ ಸೋನೆ ಹಿಡೀತು ಅಂದ್ರೆ ಸಾಕು, ಎಲೆ ಅಂಚಲ್ಲಿ ಬಿಸಿನೀರು ಚೆಲ್ಲಿದ ಹಾಗೆ ಕಲೆ ಬೀಳುತ್ತೆ, ಬೆಳಿಗ್ಗೆ ಎಲೆ ಮಗುಚಿ ನೋಡಿದ್ರೆ ಹಿಂದೆ ಬಿಳಿ ಬೂಸ್ಟು, ಒಂದು ವಾರದಲ್ಲಿ ಹೊಲಕ್ಕೆ ಹೊಲವೇ ಸುಟ್ಟ ಹಾಗೆ ಕಪ್ಪು. 1845ರಲ್ಲಿ ಐರ್ಲೆಂಡ್‌ನಲ್ಲಿ ಬರ ತಂದು ಲಕ್ಷಾಂತರ ಜನರನ್ನ ಕೊಂದದ್ದೂ ಇದೇ ರೋಗ. ನಮ್ಮಲ್ಲಿ ಜನ ಹಸಿವಿಂದ ಸಾಯ್ಲಿಲ್ಲ, ರಾಗಿ ಇತ್ತಲ್ಲ, ಸಾಲ ಮಾತ್ರ ಉಳೀತು. ನಾವು ಹಾಕ್ತಿದ್ದದ್ದು ಕುಫ್ರಿ ಜ್ಯೋತಿ ಅನ್ನೋ ತಳಿ, 1968ರಲ್ಲಿ ಬಿಡುಗಡೆ ಆದದ್ದು, ಆಗ ಅಂಗಮಾರಿ ತಡ್ಕೊಳುತ್ತೆ ಅಂತಾನೇ ಕೊಟ್ಟಿದ್ರು. ಆಮೇಲೆ ರೋಗ ಬದಲಾಯ್ತು, ನಾವು ತಳಿ ಬದಲಾಯಿಸ್ಲಿಲ್ಲ.

ಆದ್ರೆ ನಂಗೆ ಅನ್ಸೋದು ಬೇರೆ. ರೋಗ ಬರೋಕೆ ಮುಂಚೆನೂ ಈ ಬೆಳೆಯ ಜುಟ್ಟು ನಮ್ಮ ಕೈಲಿ ಇರ್ಲಿಲ್ಲ. ಬಿತ್ತನೆ ಗೆಡ್ಡೆ ಬರೋದು ಪಂಜಾಬಿನ ಜಲಂಧರ ಕಡೆಯಿಂದ, ಹತ್ರ ಹತ್ರ ಎರಡೂವರೆ ಸಾವಿರ ಕಿಲೋಮೀಟರ್ ದೂರ. ಅದಕ್ಕೆ ಕಾರಣನೂ ಇದೆ. ಗೆಡ್ಡೆಗೆ ವೈರಸ್ ಹತ್ತಿಸೋದು ಸಸ್ಯಹೇನು ಅನ್ನೋ ರಸ ಹೀರೋ ಸಣ್ಣ ಹುಳ, ಪಂಜಾಬಲ್ಲಿ ಅಕ್ಟೋಬರಲ್ಲಿ ನೆಟ್ರೆ ಚಳಿ ಮುಗಿಯೋವರೆಗೂ ಹೇನಿನ ಕಾಟ ಕಮ್ಮಿ, ಅದು ಜಾಸ್ತಿ ಆಗೋ ಮುಂಚೆ ಜನವರಿ ಹೊತ್ತಿಗೆ ಗಿಡದ ತಲೆ ಕೊಯ್ದು ಹಾಕಿಬಿಡ್ತಾರೆ, ನೆಲದೊಳಗಿನ ಗೆಡ್ಡೆ ಶುದ್ಧವಾಗಿ ಉಳಿಯುತ್ತೆ. ನಮ್ಮಲ್ಲಿ ಅಂಥ ಚಳಿನೇ ಇಲ್ಲ, ಬೆಳೆದದ್ದನ್ನೇ ಮತ್ತೆ ಮತ್ತೆ ಬಿತ್ತಿದ್ರೆ ಗೆಡ್ಡೆ ಗೋಲಿ ಸೈಜಿಗೆ ಇಳಿಯುತ್ತೆ. ಹಂಗಾಗಿ ಪ್ರತಿ ವರ್ಷ ಚೀಲ ಕೊಳ್ಳೋದೇ, ಎಕರೆಗೆ 10-12 ಚೀಲ, ಖರ್ಚಲ್ಲಿ ದೊಡ್ಡ ಪಾಲು ಬಿತ್ತೋ ದಿನಾನೇ ಹೋಯ್ತು. ಒಂದು ವರ್ಷ ಒಬ್ಬ ವ್ಯಾಪಾರಿ ನಮಗೆ ಅಡುಗೆ ಗೆಡ್ಡೆನೇ ಬಿತ್ತನೆ ಅಂತ ಕೊಟ್ಟಿದ್ದ, ಅರ್ಧಕ್ಕರ್ಧ ಮೊಳಕೆನೇ ಬರ್ಲಿಲ್ಲ, ಕೇಳೋಕೆ ಹೋದ್ರೆ ಬಿಲ್ ತೋರ್ಸಿ ಅಂದ. ಬಿಲ್ ಯಾರು ಕೊಟ್ಟಿದ್ರು!

ಇದೇ ಮನೆ ಹಿತ್ತಲಲ್ಲಿ ಅವ್ವನ ಸುವರ್ಣಗೆಡ್ಡೆ ನೋಡಿ. ಯಾವ ಲಾರಿಗೂ ಕಾಯಲ್ಲ. ಅಗೆದು ಸಾರಿಗೆ ಹಾಕೋವಾಗ ಮೊಳಕೆ ಇರೋ ನೆತ್ತಿ ಭಾಗ ತೆಗೆದು ಒಲೆ ಹಿಂದೆ ಇಡ್ತಾಳೆ, ಯುಗಾದಿ ಆಸುಪಾಸು ಗುಂಡಿ ತೋಡಿ ಸಗಣಿ ಗೊಬ್ಬರ ಹಾಕಿ ಹೂತುಬಿಟ್ರೆ ಮುಗೀತು, ದೀಪಾವಳಿ ಕಳೆದ ಮೇಲೆ ತಲೆಗಾತ್ರದ ಗೆಡ್ಡೆ. ಹುಣಸೆಹಣ್ಣಿಲ್ಲದೆ ಬೇಯಿಸಿದ್ರೆ ಗಂಟಲು ಕಡಿತ ಅಷ್ಟೇ. ಆ ನೆತ್ತಿ ಅವಳ ಅತ್ತೆ ಕಾಲದಿಂದ ಬಂದದ್ದಂತೆ. ಸಿಹಿಗೆಣಸೂ ಹಂಗೇ, ಬಳ್ಳಿ ತುಂಡು ಮಾಡಿ ನೆಟ್ರೆ ಆಯ್ತು. ಬೆಳಗಾವಿ ಕಡೆ ಅದನ್ನ ಎಷ್ಟು ಬೆಳೀತಾರೆ ಅಂದ್ರೆ ಉತ್ತರದವರ ಉಪವಾಸದ ದಿನಗಳಿಗೆ ದಿಲ್ಲಿ ತನಕ ಹೋಗುತ್ತೆ. ಆಗ್ರಾದಿಂದ ನಮಗೆ ಆಲೂ, ನಮ್ಮಿಂದ ದಿಲ್ಲಿಗೆ ಗೆಣಸು, ಡೀಸೆಲ್ ಕಂಪನಿಯವರಿಗಂತೂ ಹಬ್ಬ.

ಆಗ್ರಾ ಗೆಡ್ಡೆ ಗೆದ್ದದ್ದು ಕೋಲ್ಡ್ ಸ್ಟೋರೇಜಿಂದ. ಫೆಬ್ರವರಿ-ಮಾರ್ಚಲ್ಲಿ ಕಿತ್ತು ಒಳಗಿಟ್ರೆ ದೀಪಾವಳಿ ತನಕ ಬಿಡ್ತಾ ಇರ್ತಾರೆ. ನಮ್ಮದು ಮಳೆಗಾಲದಲ್ಲಿ ಕೀಳೋ ಗೆಡ್ಡೆ, ಸಿಪ್ಪೆ ತೆಳು, ಮೈಯೆಲ್ಲಾ ನೀರು, ಕಿತ್ತ ವಾರದಲ್ಲೇ ಮಾರ್ಬೇಕು, ಎಲ್ಲರೂ ಒಟ್ಟಿಗೆ ತಂದ್ರೆ ರೇಟ್ ಪಾತಾಳಕ್ಕೆ. ಅದಕ್ಕೇ ಜನ ಮುಸುಕಿನ ಜೋಳಕ್ಕೆ ಹೋದ್ರು, ಆಮೇಲೆ ಶುಂಠಿಗೆ. ಅಪ್ಪನೂ ಶುಂಠಿ ಹಾಕಿದ. 2023ರಲ್ಲಿ ಶುಂಠಿ ರೇಟ್ ಏರಿದಾಗ ಊರಲ್ಲಿ ಹೊಸ ಕಾರುಗಳು ಬಂದ್ವು, ಮುಂದಿನ ವರ್ಷ ಎಲ್ಲರೂ ಅದನ್ನೇ ಹಾಕಿದ್ರು, ಆಮೇಲೆ ಏನಾಯ್ತು ಅಂತ ಹೇಳ್ಬೇಕಾ.

ಈ ಸಲ ಒಂದು ಹೊಸ ವಿಷ್ಯ ಇದೆ. ಹಾಸನದ ಹತ್ರ ಸೋಮನಹಳ್ಳಿ ಕಾವಲ್‌ನಲ್ಲಿ ಬಾಗಲಕೋಟೆ ತೋಟಗಾರಿಕೆ ವಿವಿಯ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಟಿಶ್ಯೂ ಕಲ್ಚರ್, ಅಂದ್ರೆ ಲ್ಯಾಬಲ್ಲಿ ವೈರಸ್ ಇಲ್ಲದಂಗೆ ಬೆಳೆಸಿದ ಆಲೂಗೆಡ್ಡೆ ಗಿಡದ ಕುಡಿ ಚಿವುಟಿ ಬೇರು ಬರಿಸಿ ಸಸಿ ಮಾಡೋ ಕೆಲಸ ನಡೀತಿದೆ. ಆ ಥರದ ಸಸಿ, ಟೊಮೆಟೊ ಸಸಿ ಹಾಗೆ ಟ್ರೇನಲ್ಲಿ ಬರೋದು, ಅಪ್ಪ ಒಂದು ನರ್ಸರಿಯಿಂದ ಕಾರ್ತಿಕದಲ್ಲಿ ತಂದು ಎರಡು ಗುಂಟೆಗೆ ನೆಟ್ಟಿದ್ದ. ನಾನು ಟೈಂಪಾಸ್ ಅಂದ್ಕೊಂಡಿದ್ದೆ. ಫೆಬ್ರವರಿಯಲ್ಲಿ ಕಿತ್ತ ಗೆಡ್ಡೆಯಲ್ಲಿ ಒಂದನ್ನೂ ಸಾರಿಗೆ ಕೊಡದೆ ಅಟ್ಟದ ಮೇಲೆ ಹರವಿಟ್ಟು, ಮೇ ಕೊನೆಗೆ ಹತ್ತು ಗುಂಟೆಗೆ ಬಿತ್ತಿದ್ದಾನೆ. ಎರಡ್ಮೂರು ಬೆಳೆ ಆದ್ಮೇಲೆ ಮತ್ತೆ ಹೊಸ ಸಸಿ ತರ್ಲೇಬೇಕು, ಹೇನು ಬಿಡಲ್ವಲ್ಲ, ಆದ್ರೂ ನಮ್ಮ ಮನೇದೇ ಬಿತ್ತನೆ ಅಂತ ಆಲೂಗೆಡ್ಡೆ ನೆಲಕ್ಕೆ ಬಿದ್ದದ್ದು ನಂಗೆ ಗೊತ್ತಿರೋ ಹಾಗೆ ಇದೇ ಮೊದಲು.

ನೆನ್ನೆ ಫೋನಲ್ಲಿ ಅಪ್ಪನ್ನ ಹೆಂಗಿದೆ ಅಂತ ಕೇಳಿದೆ. "ಗಿಡ ಮೊಣಕಾಲುದ್ದ ಬಂದೈತೆ. ಮೂರು ದಿನದಿಂದ ಮೋಡ ಕವ್ಕೊಂಡೈತೆ ಕಣ್ಲಾ, ಮಳೆ ಒಂದ್ ಗಳಿಗೆ ಬಿಟ್ರೆ ಔಷಧಿ ಹೊಡೀಬೇಕು, ಇಡು ಫೋನು" ಅಂದ.