ಬೋಟಿನ ಅಡಿ

17 ನವೆಂಬರ್ 2024, ಆದಿತ್ಯವಾರ
ಪಡುಕೆರೆ

ಮನೆಗೆ ಬಂದು ಪ್ಯಾಲೆಟ್ ತೊಳೆದಾಯಿತು, ಊಟವೂ ಆಯಿತು. ಆ ಹುಡುಗ ಹೇಳಿದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಇವತ್ತು ಚಿತ್ರದ ಕ್ಲಾಸಿನಲ್ಲಿ ಮಕ್ಕಳಿಗೆ ದೂರ-ಹತ್ತಿರ ಹೇಳಿಕೊಡುವುದಿತ್ತು. ಪರ್ಸ್ಪೆಕ್ಟಿವ್ ಎಂಬ ಶಬ್ದವನ್ನೇ ತೆಗೆಯಲಿಲ್ಲ. ಮರಳಿಗೆ ಎಳೆದಿಟ್ಟ ದೋಣಿಯ ಹಿಂದೆ ಎಲ್ಲರನ್ನೂ ಕುಳ್ಳಿರಿಸಿದೆ. ದೋಣಿಯ ಅಂಚಿನ ಮೇಲೆ ಬರೀ ಆಕಾಶ. ‘ಈಗ ಎದ್ದು ನಿಲ್ಲಿ’ ಎಂದೆ. ಅಂಚಿನ ಮೇಲೆ ಕಡಲು ಬಂತು. ‘ಟೀಚರ್, ಕಡಲೂ ನಮ್ಮೊಟ್ಟಿಗೆ ಎದ್ದಿತು!’ ಅಂತ ಅಕ್ಕನ ಮಗಳು ಕೂಗಿದಳು. ಆಮೇಲೆ ಹತ್ತು ನಿಮಿಷ ಕೂತು ಏಳುವುದೇ ಆಟ. ದಿಗಂತದ ಗೆರೆ ಯಾವಾಗಲೂ ನಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲೇ ಇಲ್ಲ.

ಎಕ್ಸಾಮ್ ಪ್ಯಾಡಿಗೆ ಟೇಪ್ ಹಚ್ಚಿ, ಕಾಗದ ಒದ್ದೆ ಮಾಡಿ, ಮೇಲಿಂದ ವಾಶ್, ಅಂದರೆ ನೀರುನೀರಾದ ತೆಳು ಬಣ್ಣ, ಎಳೆದರು. ದೂರದ ತೆರೆಗಳು ಒಂದಕ್ಕೊಂದು ಒತ್ತಾಗಿ, ತೆಳ್ಳಗೆ. ಹತ್ತಿರ ಬಂದ ಹಾಗೆ ನಡುವೆ ಜಾಗ ಜಾಸ್ತಿ. ನೊರೆಗೆ ಬಣ್ಣ ಬೇಡ, ಕಾಗದದ ಬಿಳಿಯನ್ನೇ ಬಿಟ್ಟುಬಿಡಿ ಎಂದೆ. ಕೇಕ್ ಕಲರಿನ ಡಬ್ಬಿಯಲ್ಲಿ ಬಿಳಿ ಇರುವಾಗ ಯಾಕೆ ಬಿಡಬೇಕು ಎಂದು ಇಬ್ಬರಿಗೆ ಸಿಟ್ಟೇ ಬಂತು.

ಕೊನೆಯ ಮನೆಯ ಹುಡುಗ (ಹೋದ ತಿಂಗಳು ಬೊಂಡಾಸ್, ಅದೇ ಸ್ಕ್ವಿಡ್, ಚಿತ್ರ ಬಿಡಿಸಿದ್ದನಲ್ಲ, ಅವನೇ) ಸುಮ್ಮನೆ ಒಂದು ಬದಿಗೆ ಕೂತಿದ್ದ. ಅವನ ಅಪ್ಪ ಆಳಸಮುದ್ರದ ಬೋಟಿಗೆ ಹೋಗುವವರು. ಬುಧವಾರ ಹೋಗಿದ್ದಾರೆ, ಬರುವಾಗ ಹತ್ತು ದಿನ ಆದೀತು. ಕಾಗದದಲ್ಲಿ ಕಡಲೆಲ್ಲ ಚೆನ್ನಾಗಿ ಬಂದಿತ್ತು. ದಿಗಂತದ ಮೇಲೆ ಅಕ್ಕಿಕಾಳಿನಷ್ಟು ಒಂದು ಗುರುತು. ಬೂದು ಅನ್ನಲೂ ಆಗದಷ್ಟು ತೆಳು. ಬೋಟು ಅಂತ ಗೊತ್ತಾಯಿತು. ಆದರೆ ಅಡಿಭಾಗವೇ ಇಲ್ಲ, ಗೆರೆಗೆ ಅಂಟಿಸಿಟ್ಟ ಒಂದು ಪೆಟ್ಟಿಗೆ ಅಷ್ಟೆ.

‘ಅಡಿ ಎಲ್ಲಿ ಮಗಾ? ಬೋಟು ಮುಳುಗಿದ ಹಾಗೆ ಕಾಣ್ತದೆ’ ಎಂದೆ. ಬ್ರಷ್ ಕೈಗೆ ತೆಗೆದುಕೊಂಡೂ ಆಗಿತ್ತು.

ಅವನ ಮುಖ ಸಣ್ಣದಾಯಿತು. ‘ಮುಳುಗಿದ್ದಲ್ಲ ಟೀಚರ್. ಹೋಗುವಾಗ ಹಾಗೇ ಆಗುದು. ಮೊದಲು ಬಣ್ಣ ಹೋಗ್ತದೆ. ಮತ್ತೆ ಅಡಿ ಹೋಗ್ತದೆ. ಕ್ಯಾಬಿನ್ ಮಾತ್ರ ಕಾಣುದು. ಮತ್ತೆ ಅದೂ ಇಲ್ಲ.’

ಬ್ರಷ್ ಕೆಳಗಿಟ್ಟೆ.

ಅವನು ಹೇಳಿದ್ದು ಪೂರ್ತಿ ಸರಿ. ಭೂಮಿ ಉರುಟು, ಅಡಿಭಾಗವೇ ಮೊದಲು ಮರೆಯಾಗಬೇಕು. ಅವನ ಎತ್ತರಕ್ಕೆ, ಕಣ್ಣು ನೆಲದಿಂದ 1.2 ಮೀಟರ್ ಎಂದು ಹಿಡಿದರೆ, ದಿಗಂತ ಬರೀ 4 ಕಿ.ಮೀ. ದೂರ. ಇಷ್ಟು ವರ್ಷ ಕಡಲ ಚಿತ್ರ ಕಲಿಸಿದ ನಾನು ಎಲ್ಲ ಮಕ್ಕಳ ಕೈಯಲ್ಲೂ ದೂರದ ಬೋಟನ್ನು ಇಡಿಯಾಗಿ, ಚಿಕ್ಕದಾಗಿ, ಗೆರೆಯ ಮೇಲೆ ಕೂರಿಸಿದ್ದೇನೆ. ಇವನು ಅದನ್ನು ಯಾರಿಂದಲೂ ಕಲಿತದ್ದಲ್ಲ. ಬಣ್ಣ ಹೋಗುವವರೆಗೆ, ಅಡಿ ಹೋಗುವವರೆಗೆ, ಕ್ಯಾಬಿನ್ನೂ ಹೋಗುವವರೆಗೆ ಅಲ್ಲೇ ನಿಂತು ನೋಡಿರಬೇಕು. ಎಷ್ಟು ಸಲ ನೋಡಿದ್ದಾನೋ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಅಪ್ಪ ಮನೆಯಲ್ಲಿರುತ್ತಾರೆ. ಉಳಿದ ತಿಂಗಳೆಲ್ಲ ಹೋಗುವುದು, ಬರುವುದು.

ಅವನಮ್ಮ ಚಿತ್ರ ನೋಡಿ ‘ಬಣ್ಣವೇ ಹಾಕಲಿಲ್ವಾ ಇವ?’ ಎಂದರು. ಸ್ಪರ್ಧೆಗಳಲ್ಲಿ ಗಾಢ ಬಣ್ಣಕ್ಕೇ ಬಹುಮಾನ, ಅವರನ್ನು ಏನೂ ಹೇಳುವ ಹಾಗಿಲ್ಲ. ‘ಇವತ್ತಿನದರಲ್ಲಿ ಇದೇ ಒಳ್ಳೆಯದು’ ಎಂದೆ. ನಂಬಿದರೋ ಇಲ್ಲವೋ.

ಹೊರಡುವಾಗ ಅವನು ಹತ್ತಿರ ಬಂದು ಕೇಳಿದ, ‘ಕಾಪು ದೀಪಸ್ತಂಭದ ಮೇಲಿಂದ ನೋಡಿದ್ರೆ ಬೋಟು ಇನ್ನೂ ಸ್ವಲ್ಪ ಹೊತ್ತು ಕಾಣ್ತದಾ ಟೀಚರ್?’

ಆಗ ‘ಕಾಣ್ತದೆ’ ಎಂದುಬಿಟ್ಟೆ. ಈಗ ಲೆಕ್ಕ ಹಾಕುತ್ತಾ ಕೂತಿದ್ದೇನೆ. 1901ರಲ್ಲಿ ಕಟ್ಟಿದ ಸ್ತಂಭ, ಎತ್ತರ ಸುಮಾರು 27 ಮೀಟರ್. ಕೆಳಗಿನ ಬಂಡೆಯನ್ನು ಬಿಟ್ಟರೂ ದಿಗಂತ 18 ಕಿ.ಮೀ. ಆಚೆ ಹೋಗುತ್ತದೆ. ಬೋಟು ಗಂಟೆಗೆ 12-13 ಕಿ.ಮೀ. ಹೋಗುತ್ತದೆ ಎಂದುಕೊಂಡರೆ ಒಂದು ಗಂಟೆಗೂ ಹೆಚ್ಚು ಹೊತ್ತು ಸಿಗುತ್ತದೆ ಅವನಿಗೆ. ಆದರೆ ಅಷ್ಟು ದೂರಕ್ಕೆ ಮಬ್ಬು ಬಿಡಬೇಕಲ್ಲ. ದೂರದ್ದು ತೆಳುವಾಗುತ್ತದೆ, ನೀಲಿಯಲ್ಲಿ ಕರಗುತ್ತದೆ ಎಂದು ಇವತ್ತು ನಾನೇ ಹೇಳಿಕೊಟ್ಟದ್ದು. ಮುಂದಿನ ವಾರ ಕರೆದುಕೊಂಡು ಹೋಗೋಣ ಎಂದರೆ ಅಷ್ಟರಲ್ಲಿ ಅಪ್ಪ ಬಂದಿರುತ್ತಾರೆ, ಮತ್ತೆ ಹೊರಡುವ ದಿನ ಯಾವುದು ಎಂದು ಅವನಮ್ಮನನ್ನೇ ಕೇಳಬೇಕು, ಅದು ಶಾಲೆಯ ದಿನವಾದರೆ