ಮುಖ ಮುಚ್ಚಿ, ಕೈ ನೋಡಿ

ನಮ್ಮ ಡ್ರಾಯಿಂಗ್ ಮಾಸ್ತರರು ತೀರಿಕೊಂಡರೆಂಬ ಸುದ್ದಿ ಬಂದಾಗ ಥಟ್ಟನೆ ಕಣ್ಮುಂದೆ ಬಂದದ್ದು, ಸೀಮೆಸುಣ್ಣದ ಡಬ್ಬಿಯ ರಟ್ಟಿನ ಮುಚ್ಚಳ ಹಿಡಿದ ಅವರ ಕೈ. ಯಾವುದೋ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಪಿಕಾಸೋನ ‘ಗೆರ್ನಿಕಾ’ ಚಿತ್ರವನ್ನು ಗೋಡೆಗೆ ಅಂಟಿಸಿ, ಆ ಮುಚ್ಚಳದಿಂದ ಒಂದೊಂದೇ ಮುಖವನ್ನು ಮರೆಮಾಡುತ್ತ, “ಈಗ ಹೇಳಿ, ಇವಳಿಗೇನಾಗಿದೆ?” ಎಂದು ಕೇಳುತ್ತಿದ್ದರು. ಬಲತುದಿಯಲ್ಲಿ ಎರಡೂ ತೋಳುಗಳನ್ನು ಮೇಲಕ್ಕೆ ಚಾಚಿದ ಜೀವ ಬೆಂಕಿಗೆ ಸಿಕ್ಕಿದೆಯೆಂಬುದೂ, ಎಡದಲ್ಲಿರುವ ತಾಯಿಯ ಮಡಿಲಿನ ಕೂಸು ಸತ್ತಿದೆಯೆಂಬುದೂ ಮುಖ ಕಾಣದೆಯೇ ನಮಗೆ ತಿಳಿಯುತ್ತಿತ್ತು. 1937ರ ಏಪ್ರಿಲ್ 26ರಂದು ಸ್ಪೇನಿನ ಬಾಸ್ಕ್ ಸೀಮೆಯ ಗೆರ್ನಿಕಾ ಎಂಬ ಊರಿನ ಮೇಲೆ ಬಾಂಬು ಬಿದ್ದ ಕಥೆಯನ್ನು ಅವರು ಆಮೇಲೆ ಹೇಳುತ್ತಿದ್ದರು. ಸ್ಪೇನಿನದೇ ಚಿತ್ರಕಾರ ಗೋಯಾ 1814ರಲ್ಲಿ ಬರೆದ, ಬಂದೂಕುಗಳೆದುರು ತೋಳೆತ್ತಿ ನಿಂತ ಬಿಳಿ ಅಂಗಿಯವನನ್ನೂ ತೋರಿಸಿ, ಗೆದ್ದವನೂ ಶರಣಾದವನೂ ದೇವರನ್ನು ಕೂಗುವವನೂ ಎತ್ತುವುದು ಅದೇ ತೋಳುಗಳನ್ನೇ, ವ್ಯತ್ಯಾಸವೆಲ್ಲ ಬೆರಳುಗಳಲ್ಲಿದೆ ಎನ್ನುತ್ತಿದ್ದರು. ಪಠ್ಯದಲ್ಲಿ ಹೂಜಿಯಿತ್ತೋ ಮಾವಿನೆಲೆಯಿತ್ತೋ, ನನಗೆ ನೆನಪಿಲ್ಲ.

ಈ ಪಾಠದ ಫಲವನ್ನು ನಾನು ಬೇಗನೆ ತೋರಿಸಿದೆ. ಒಂದು ಮಧ್ಯಾಹ್ನ ಬೋರ್ಡಿನ ತುಂಬ ಬೆತ್ತ ಹಿಡಿದ ಬರಿಯ ಕೈಯೊಂದನ್ನು ಬರೆದೆ; ಅದು ಹೆಡ್‌ಮಾಸ್ತರರದೆಂದು ಇಡೀ ತರಗತಿ ಕೂಡಲೇ ಗುರುತಿಸಿ ನಕ್ಕಿತು. ಅಪರಾಧಿಯನ್ನು ಪತ್ತೆಮಾಡಲು ಬಂದ ಡ್ರಾಯಿಂಗ್ ಮಾಸ್ತರರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, ಸೀಮೆಸುಣ್ಣ ತೆಗೆದುಕೊಂಡು ಹೆಬ್ಬೆರಳನ್ನು ಬೆತ್ತದ ಮೇಲಕ್ಕೆ ಸರಿಸಿ ತಿದ್ದಿದರು, ಆಮೇಲೆ ನೇರವಾಗಿ ನನ್ನ ಕಿವಿಗೇ ಕೈಹಾಕಿದರು. ಆ ಶಾಲೆಯಲ್ಲಿ ಅಷ್ಟು ಚೆನ್ನಾಗಿ ಕೈ ಬರೆಯುವವನು ನಾನೊಬ್ಬನೇ ಎಂದು ಅವರಿಗೆ ಗೊತ್ತಿತ್ತೆಂಬ ಹೆಮ್ಮೆ, ಸಂಕೋಚವಿಲ್ಲದೆ ಹೇಳುವುದಾದರೆ, ಇಂದಿಗೂ ಇದೆ.

ಈಗ ನನ್ನ ಮೊಮ್ಮಗಳ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ಡು ಪರೀಕ್ಷೆ ಹತ್ತಿರ ಬಂದ ಕೂಡಲೇ ಗಣಿತದ ಪಾಲಾಗುತ್ತದೆ. ಉಳಿದ ದಿನಗಳಲ್ಲಿ ಮಕ್ಕಳು ಅಚ್ಚಿನ ಗೆರೆಗಳೊಳಗೆ ಬಣ್ಣ ತುಂಬುತ್ತಾರೆ.

ಕೆಲವು ವರ್ಷಗಳ ಹಿಂದೆ ಮ್ಯಾಡ್ರಿಡ್‌ನ ರೀನಾ ಸೋಫಿಯಾ ಸಂಗ್ರಹಾಲಯದಲ್ಲಿ ಆ ‘ಗೆರ್ನಿಕಾ’ ಚಿತ್ರದ ಮುಂದೆ ನಿಂತೆ. ಏಳೂವರೆ ಮೀಟರಿಗೂ ಮೀರಿದ ಅದರ ಅಗಲದೆದುರು, ಜೊತೆಗೆ ಬಂದವರು ಊಟಕ್ಕೆ ಕರೆಯುತ್ತಿದ್ದರೂ, ಒಂದೊಂದೇ ಮುಖಕ್ಕೆ ಅಂಗೈ ಅಡ್ಡ ಹಿಡಿದು ನೋಡಿದೆ. ಊರಿಗೆ ಮರಳಿ ಮಾಸ್ತರರಿಗೆ ಇದನ್ನೆಲ್ಲ ಉತ್ಸಾಹದಿಂದ ವರ್ಣಿಸಿದಾಗ, ಹಾಸಿಗೆ ಹಿಡಿದಿದ್ದ ಅವರು ಕೇಳಿದ್ದು ಒಂದೇ ಮಾತು: “ಕೆಳಗೆ ಮುರಿದ ಕತ್ತಿ ಹಿಡಿದ ಕೈ ಇದೆಯಲ್ಲ, ಅದರ ಹತ್ತಿರ ಒಂದು ಹೂವಿರಬೇಕು. ಕಾಣಿಸಿತೇನೋ?”

ಕಾಣಿಸಿತು ಸರ್, ಎಂದೆ. ನಮ್ಮ ಹಾಳೆಯಲ್ಲಿ ಸರಿಯಾಗಿ ಅಲ್ಲಿಯೇ ಮಡಿಕೆ ಬಿದ್ದಿತ್ತು.