ಮೂರೂವರೆ ಗಂಟೆಯ ಪಡುಗಾಳಿ

ಏಪ್ರಿಲ್ ಕೊನೆ ಬಂತು ಅಂದ್ರೆ ಬೆಂಗಳೂರಿನ ಫ್ರೆಂಡ್ಸ್ ಕಡೆಯಿಂದ ಒಂದೇ ಪ್ರಶ್ನೆ, ಆ ಸೆಕೆಯಲ್ಲಿ ಹೇಗೆ ಮಾರಾಯ ಬದುಕ್ತೀಯಾ ಅಂತ. ಕೇಳೋದು ಸರಿನೇ. ನಮ್ಮೂರು ಕುಂದಾಪುರ ದಾಟಿ ಮರವಂತೆ ಕಡೆ ಹೋಗುವಾಗ ಸಿಗ್ತದೆ, ಕಡಲಿಗೂ ನಮ್ಮ ಮನೆಗೂ ನಡುವೆ ಒಂದು ತೆಂಗಿನ ತೋಟ, ನಾಲ್ಕು ಗದ್ದೆ, ಒಂದು ಹೈವೇ ಅಷ್ಟೇ ಇರೋದು. ಮೊಬೈಲಲ್ಲಿ ನೋಡಿದ್ರೆ 34 ಡಿಗ್ರಿ ಅಂತ ತೋರಿಸ್ತದೆ, ಕಲಬುರಗಿಯವರಿಗೆ ಹೇಳಿದ್ರೆ ನಗ್ತಾರೆ, ಅಲ್ಲಿ 42 ಆದ್ರೂ ಯಾರೂ ತಲೆ ಕೆಡಿಸ್ಕೊಳ್ಳೋದಿಲ್ಲ. ಆದ್ರೆ ಅಲ್ಲಿ ಬೆವರು ಬಂದದ್ದು ಒಣಗ್ತದಲ್ಲ, ಇಲ್ಲಿ ಗಾಳಿಯೇ ಒದ್ದೆ ಬಟ್ಟೆ ಹಾಗೆ ಇರುವಾಗ ಬೆವರು ಹೋಗೋದು ಎಲ್ಲಿಗೆ. ಮಿಂದು ಬಂದು ಟವೆಲ್ ಒಣಗಲಿಕ್ಕೆ ಹಾಕುವಷ್ಟರಲ್ಲಿ ಮತ್ತೊಮ್ಮೆ ಮೀಯುವ ಹಾಗೆ ಆಗಿರ್ತದೆ.

ಆದ್ರೂ ನನ್ನ ಕೇಳಿದ್ರೆ ವರ್ಷದಲ್ಲಿ ಊರು ಚಂದ ಇರೋದು ಈ ಎರಡು ತಿಂಗಳೇ. ಅದಕ್ಕೆ ಕಾರಣ ಆ ಸೆಕೆಯೇ ಅಂದ್ರೆ ನಂಬ್ತೀರೋ ಇಲ್ವೋ.

ಹೇಗೆ ಅಂತ ಹೇಳ್ತೇನೆ. ಮಧ್ಯಾಹ್ನ ಒಂದು ಗಂಟೆಗೆ ಊಟ, ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನಿಗೆ ಕಾಯಿತುರಿ, ಮೆಣಸು, ಹುಣಸೆಹುಳಿ ಹಾಕಿ ಗುದ್ದಿದ ಚಟ್ನಿ. ಈ ಸೆಕೆಯಲ್ಲಿ ಬಿರಿಯಾನಿ ತಿನ್ನುವವರನ್ನು ಕಂಡ್ರೆ ನಂಗೆ ಹೆದರಿಕೆ ಆಗ್ತದೆ. ಉಂಡಾದ ಮೇಲೆ ಜಗುಲಿಯ ಕಾವಿ ನೆಲದ ಮೇಲೆ ಚಾಪೆ ಗೀಪೆ ಎಂತದೂ ಇಲ್ಲದೆ ಬರಿ ಮೈಯಲ್ಲಿ ಮಲಗೋದು. ಹತ್ತು ನಿಮಿಷಕ್ಕೆ ಬೆನ್ನಿನ ಕೆಳಗಿನ ನೆಲ ಬಿಸಿ ಆಗ್ತದೆ, ಆಗ ಪಕ್ಕಕ್ಕೆ ಒಂದು ಉರುಳು ಉರುಳಿ ತಂಪು ಜಾಗ ಹಿಡಿಯೋದು, ಹಿಂದೆ ನಮ್ಮ ಬೆನ್ನಿನ ಅಚ್ಚು ಬೆವರಲ್ಲಿ ಹಾಗೇ ಮೂಡಿರ್ತದೆ. ಸಣ್ಣವರಿರುವಾಗ ನಾವು ಆರೇಳು ಮಕ್ಕಳು ಹೀಗೆ ಉರುಳ್ತಾ ಉರುಳ್ತಾ ಜಗುಲಿಯ ಈ ತುದಿಯಿಂದ ಆ ತುದಿ ತನಕ ಹೋಗಿ, ಕೊನೆಯವನು ಮೆಟ್ಟಿಲಿಂದ ಅಂಗಳಕ್ಕೆ ಬಿದ್ದು ಅಳೋದೂ ಇತ್ತು. ಕರೆಂಟ್ ಆ ಹೊತ್ತಿಗೆ ಸರಿಯಾಗಿ ಹೋಗ್ತದೆ, ಅದರ ಬಗ್ಗೆ ಬರೆದು ಪ್ರಯೋಜನ ಇಲ್ಲ. ಅಡಿಕೆ ಹಾಳೆಯನ್ನು ಕತ್ತರಿಸಿ ಮಾಡಿದ ಬೀಸಣಿಗೆ ಉಂಟು, ಬೀಸಿ ಬೀಸಿ ಕೈ ಸೋತು ಇನ್ನೂ ಜಾಸ್ತಿ ಬೆವರ್ತೇವೆ.

ತೋಟದಲ್ಲಿ ಒಂದು ಗರಿಯೂ ಅಲ್ಲಾಡೋದಿಲ್ಲ. ಕಾಗೆ ಕೂಡ ಕೂಗೋದಿಲ್ಲ. ಎರಡೂವರೆ, ಮೂರು. ಆಮೇಲೆ ಎಲ್ಲಕ್ಕಿಂತ ಎತ್ತರದ ಮರದ ತುದಿಯಲ್ಲಿ ಒಂದು ಗರಿ ಸಣ್ಣಕ್ಕೆ ಸರ್ ಅಂತದೆ. ಅಜ್ಜಿ ಇದ್ದಾಗ ಕಣ್ಣು ಮುಚ್ಚಿ ಮಲಗಿದಲ್ಲಿಂದಲೇ "ಗಾಳಿ ಬಂತ್ ಕಾಣ್" ಅಂತಿದ್ರು. ಒಂದು ನಿಮಿಷಕ್ಕೆ ಇಡೀ ತೋಟ ಒಟ್ಟಿಗೆ ಶಬ್ದ ಮಾಡ್ಲಿಕ್ಕೆ ಶುರು, ಮಳೆ ಬಂದ ಹಾಗೆ ಕೇಳ್ತದೆ, ಅಂಗಳದಲ್ಲಿ ಒಣಗಿಸಿದ ಬಟ್ಟೆ ಎಲ್ಲಾ ಮೂಡಕ್ಕೆ ಹಾರ್ತವೆ, ಬೆವರಿದ ಮೈಗೆ ಆ ಗಾಳಿ ತಾಗುವಾಗ ಆಗುವ ಸುಖ ಉಂಟಲ್ಲ, ಅದು ಎಸಿ ರೂಮಲ್ಲಿ ಕೂತವನಿಗೆ ಸಿಗೋದೇ ಇಲ್ಲ, ಯಾಕಂದ್ರೆ ಅವನು ಬೆವರಿಯೇ ಇಲ್ಲ.

ಇದರ ಸೈನ್ಸ್ ಹೈಸ್ಕೂಲಲ್ಲಿ ಓದಿದ್ದೇ. ನೆಲ ಬೇಗ ಕಾಯ್ತದೆ, ಕಡಲು ನಿಧಾನಕ್ಕೆ, ನೆಲದ ಮೇಲಿನ ಬಿಸಿ ಗಾಳಿ ಮೇಲೆ ಹೋಗ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ತದೆ. ಕಡಲ ಬದಿಯಲ್ಲಿ ಮಧ್ಯಾಹ್ನಕ್ಕೆ ಮುಂಚೆಯೇ ಶುರು ಆಗ್ತದಂತೆ, ಜೋರು ಬಂದು ತೋಟ ಎಲ್ಲಾ ದಾಟಿ ನಮ್ಮ ಜಗುಲಿಗೆ ಮುಟ್ಟುವಾಗ ಮೂರೂವರೆ. ಅಂದ್ರೆ ಬಿಸಿಲು ಸುಡದಿದ್ರೆ ಗಾಳಿಯೂ ಇಲ್ಲ. ರಾತ್ರಿ ಇದೇ ಉಲ್ಟಾ, ನೆಲ ಬೇಗ ತಣೀತದೆ, ಮೂಡು ಗಾಳಿ ಕಡಲ ಕಡೆ ಹೋಗ್ತದೆ. ಹಿಂದೆ ಹಾಯಿ ದೋಣಿಯವರು ಬೆಳಗಿನ ಜಾವ ಮೂಡು ಗಾಳಿಗೆ ಹೊರಟು ಮಧ್ಯಾಹ್ನದ ಮೇಲೆ ಪಡು ಗಾಳಿ ಹಿಡಿದು ವಾಪಸ್ ಬರ್ತಿದ್ರು, ಡೀಸೆಲ್ ಖರ್ಚು ಎಂತದೂ ಇಲ್ಲ.

ಗಾಳಿ ಬಂದ ಮೇಲೆಯೇ ನಮ್ಮ ದಿನ ಶುರು. ಅಮ್ಮ ಪುನರ್ಪುಳಿ ಶರಬತ್ತು ತರ್ತಾಳೆ, ಉತ್ತರ ಕನ್ನಡದವರು ಮುರುಗಲು ಅಂತಾರಲ್ಲ ಅದು. ನಮ್ಮಲ್ಲಿ ಸಿರಪ್ ಅಂಗಡಿಯಿಂದ ತರೋದಿಲ್ಲ, ಹಣ್ಣಿನ ಸಿಪ್ಪೆಯನ್ನು ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ ಒಂದು ಪದರ ಸಕ್ರೆ ಅಂತ ತುಂಬಿ ಬಿಸಿಲಿಗೆ ಇಟ್ರೆ ಕೆಲವು ದಿನಕ್ಕೆ ಅದೇ ನೀರು ಬಿಟ್ಟು ಕೆಂಪು ರಸ ಆಗ್ತದೆ. ನೋಡಿ, ಇಲ್ಲಿ ಕೂಡ ಬಿಸಿಲೇ ಕೆಲಸ ಮಾಡೋದು. ಉಳಿದ ಸಿಪ್ಪೆ ಒಣಗಿಸಿ ಡಬ್ಬಕ್ಕೆ ಹಾಕಿದ್ರೆ ಮಳೆಗಾಲಕ್ಕೆ ಸಾರಿಗೆ ಆಯ್ತು.

ಹಣ್ಣಿನ ವಿಷಯ ಬಂದ್ರೆ ನಂಗೆ ಗೇರುಹಣ್ಣಿನ ಮೇಲೆ ಒಂದು ಪ್ರೀತಿ ಜಾಸ್ತಿ. ಪೇಟೆಯವರಿಗೆ ಗೇರುಬೀಜ ಗೊತ್ತು, ಹಣ್ಣು ಗೊತ್ತಿಲ್ಲ, ಯಾಕಂದ್ರೆ ಕೊಯ್ದು ಒಂದು ದಿನಕ್ಕೆ ಕೆಟ್ಟು ಹೋಗುವ ಹಣ್ಣು ಅದು, ಲಾರಿ ಹತ್ತೋದಿಲ್ಲ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದಂತೆ, ಗೋವೆ ಕಡೆಯಿಂದ ಬಂತು ಅಂತ ಗೋವೆ ಹಣ್ಣು ಅಂತಲೂ ಹೇಳ್ತಾರೆ. ತಿಂದ್ರೆ ಗಂಟಲು ಕೆರೀತದೆ, ರಸ ಅಂಗಿಗೆ ಬಿದ್ರೆ ಯಾವ ಸರ್ಫಿಗೂ ಹೋಗೋದಿಲ್ಲ, ನಮ್ಮ ಸಣ್ಣದ್ರ ಬನಿಯನ್ ಎಲ್ಲಾ ಕಂದು ಕಲೆಯದ್ದೇ. ಉಪ್ಪು ಹಚ್ಚಿ ತಿಂದ್ರೆ ಗಂಟಲಿಗೆ ಸ್ವಲ್ಪ ಪರವಾಗಿಲ್ಲ. ಹಡಿ ಅಂದ್ರೆ ಮನೆ ಹತ್ತಿರದ ಕುರುಚಲು ಕಾಡು, ಅಲ್ಲಿ ಬಿದ್ದ ಬೀಜ ಹೆಕ್ಕಿ, ಪಕ್ಕದವರ ಹಡಿಯದ್ದೂ ಸೇರಿಸಿ, ಅಂಗಡಿಗೆ ಕೊಟ್ಟು ಬಂದ ದುಡ್ಡಲ್ಲಿ ಐಸ್ ಕ್ಯಾಂಡಿ. ಸೈಕಲ್ ಹಿಂದೆ ಪೆಟ್ಟಿಗೆ ಕಟ್ಕೊಂಡು ಪೋಂ ಪೋಂ ಮಾಡ್ತಾ ಬರುವವರು, ಬೆಲ್ಲ ಕ್ಯಾಂಡಿಗೆ ರೇಟು ಬೇರೆ. ಒಮ್ಮೆ ಬೀಜ ಸುಡ್ಲಿಕ್ಕೆ ಹೋಗಿ ಅದರ ಸಿಪ್ಪೆ ಎಣ್ಣೆ ಚಟ್ ಅಂತ ಸಿಡಿದು ನನ್ನ ಕೆನ್ನೆ ಸುಟ್ಟಿತ್ತು, ಕಲೆ ಈಗಲೂ ಉಂಟು, ಆಧಾರ್ ಕಾರ್ಡಿನ ಫೋಟೋದಲ್ಲಿ ಮುಖಕ್ಕಿಂತ ಅದೇ ಚೆನ್ನಾಗಿ ಕಾಣ್ತದೆ.

ಬೆಂಗಳೂರಿನವರ ಇನ್ನೊಂದು ಪ್ರಶ್ನೆ, ದಿನಾ ಬೀಚಿಗೆ ಹೋಗ್ತೀರಾ ಅಂತ. ಇಲ್ಲಪ್ಪ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ಮೂಡದಲ್ಲಿ ಕೊಡಚಾದ್ರಿ, ಹಾಗಾಗಿ ಕಾರಿನವರೆಲ್ಲ ನಿಲ್ಲಿಸಿ ಸೆಲ್ಫಿ ತೆಗೀತಾರೆ. ಊರಿನವರು ಹೆಚ್ಚು ಹೋಗೋದು ಹೊಳೆಗೇ. ಕಡಲಲ್ಲಿ ಮೀಯಲಿಕ್ಕೆ ನಮ್ಮನ್ನು ಬಿಡ್ತಿರ್ಲಿಲ್ಲ, ಸೊಂಟದ ತನಕ ಹೋದ್ರೂ ಬೈಗುಳ, ಮೇ ಕೊನೆಗೆ ತೆರೆ ದೊಡ್ಡ ಆಗ್ತದಲ್ಲ, ಆಗಂತೂ ಹೊಯ್ಗೆಗೆ, ಅಂದ್ರೆ ಮರಳಿಗೆ, ಕಾಲಿಡ್ಲಿಕ್ಕೂ ಇಲ್ಲ. ಹೊಳೆಯಲ್ಲಿ ಇಳಿತದ ಹೊತ್ತಿಗೆ ಮಳಿ ಹೆಕ್ಕೋದು, ಚಿಪ್ಪಿನೊಳಗಿನ ಮಾಂಸ ಅದು, ಕಾಯಿ ಹಾಕಿ ಸುಕ್ಕ ಮಾಡ್ತಾರೆ. ಮೊಣಕಾಲು ನೀರಲ್ಲಿ ನಿಂತು ಪಾದದಲ್ಲಿ ಕೆಸರು ತಡಕಾಡಿದ್ರೆ ಗಟ್ಟಿ ಎಂತದೋ ತಾಗ್ತದೆ, ಬಗ್ಗಿ ಎತ್ತೋದು, ಅರ್ಧದ ಸಲ ಕಲ್ಲು. ಪಕ್ಕದ ಮನೆ ಅಕ್ಕ ಈಗಲೂ ಬೇಲಿ ಆಚೆಯಿಂದ "ಹ್ವಾಯ್, ಮಳಿ ಹೆಕ್ಕುಕೆ ಬತ್ರ್ಯಾ" ಅಂತ ಕರೀತಾರೆ, ಆಗ ನಾನು ಲ್ಯಾಪ್ಟಾಪಿನಲ್ಲಿ ಮೀಟಿಂಗಲ್ಲಿ ಇರ್ತೇನೆ, ಮ್ಯೂಟ್ ಮಾಡದೆ ಇದ್ದು ಒಮ್ಮೆ ಅದು ಪುಣೆಯ ಮ್ಯಾನೇಜರಿಗೂ ಕೇಳಿಸಿತು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ಹಾಗಾಗಿ ಇವತ್ತು ಮೀಟಿಂಗಿಗೆ ಅಡ್ಡ ಬಂದದ್ದು ನಾಲ್ಕು ದಿನ ಬಿಟ್ರೆ ಬರೋದಿಲ್ಲ. ಅಜ್ಜಿಗೆ ಗಡಿಯಾರ ನೋಡ್ಲಿಕ್ಕೆ ಬರ್ತಿರ್ಲಿಲ್ಲ, ತಿಥಿ ಕೇಳಿ ಇಳಿತ ಎಷ್ಟು ಹೊತ್ತಿಗೆ ಅಂತ ಹೇಳ್ತಿದ್ರು. ನಾನು ಆಪ್ ನೋಡ್ತೇನೆ.

ಒಂದು ಕಿರಿಕಿರಿಯನ್ನೂ ಹೇಳ್ಬೇಕು, ಎಲ್ಲಾ ಸಕ್ರೆ ಸುರಿದ ಹಾಗೆ ಬರೆದ್ರೆ ಊರಿನವರು ಬೈತಾರೆ. ಮೇ ತಿಂಗಳಲ್ಲಿ ಹೊಳೆ ಬದಿಯ ಬಾವಿಗಳಿಗೆ ಉಪ್ಪು ನೀರು ಬರ್ತದೆ, ಮೇಲಿಂದ ಸಿಹಿನೀರು ಹರಿದು ಬರೋದು ಕಡಿಮೆ ಆದಾಗ ಕಡಲಿನ ನೀರು ಒಳಗೆ ನುಗ್ತದಲ್ಲ, ಹಾಗೆ. ಚಹಾ ಕೂಡ ಉಪ್ಪುಪ್ಪು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕು. ಮತ್ತೆ ಈಗ ಎಲ್ಲರೂ ಹಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸ್ತಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿಗಳು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು, ಅಲ್ಲಿಂದ ಇಡೀ ಕರಾವಳಿಗೆ ಕೆಂಪು ಮಾಡು ಬಂತು. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗ್ತದೆ, ಟೆರೇಸ್ ಮನೆ ಹಗಲಿನ ಬಿಸಿಲೆಲ್ಲ ಕುಡಿದು ರಾತ್ರಿ ಹನ್ನೊಂದಕ್ಕೆ ನಮ್ಮ ಮೇಲೆ ಕಾರ್ತದೆ. ನಮ್ಮದು ಇನ್ನೂ ಹಂಚು. ದುಡ್ಡಿಲ್ಲದ್ದೂ ಒಂದು ಕಾರಣ, ಸುಳ್ಳು ಯಾಕೆ ಹೇಳೋದು.

ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಚಾಪೆ. ಸೊಳ್ಳೆಗೆ ಕಾಯಿಸಿಪ್ಪೆಯ ಹೊಗೆ. ಗಾಳಿ ತಿರುಗುವ ಹೊತ್ತು ನಂಗೆ ಗೊತ್ತಾಗೋದು ಕಿವಿಯಲ್ಲಿ. ಸಂಜೆ ತನಕ ಕಡಲಿನ ಶಬ್ದ ಕೇಳ್ತಿರ್ತದೆ, ಆಮೇಲೆ ನಿಧಾನಕ್ಕೆ ಅದು ಕಡಿಮೆ ಆಗಿ ಮೂಡು ಬದಿಯ ಶಬ್ದ ಬರ್ಲಿಕ್ಕೆ ಶುರು, ಯಾರದ್ದೋ ನಾಯಿ, ಮತ್ತೆ ಎಲ್ಲೋ ಆಟ ಇದ್ರೆ ಚಂಡೆ. ಆಟ ಅಂದ್ರೆ ಯಕ್ಷಗಾನ. ಮಂದಾರ್ತಿ ದೇವಸ್ಥಾನದ್ದು ಐದು ಮೇಳ, ಅಂದ್ರೆ ಐದು ತಂಡ, ಮಾರಣಕಟ್ಟೆಯದ್ದು, ಅಮೃತೇಶ್ವರಿಯದ್ದು, ಕಮಲಶಿಲೆಯದ್ದು, ಎಲ್ಲಾ ಮೇಳದವರೂ ಮಳೆ ಬರುವ ಮೊದಲು ಹರಕೆ ಆಟ ಮುಗಿಸಬೇಕು, ಹಾಗಾಗಿ ಮೇ ತಿಂಗಳಲ್ಲಿ ರಾತ್ರಿ ಯಾವುದಾದ್ರೂ ಒಂದು ಗದ್ದೆಯಲ್ಲಿ ಲೈಟು ಉರೀತಿರ್ತದೆ. ಮೂಡು ಬದಿ ಊರಲ್ಲಿ ಆದ್ರೆ ಗಾಳಿಯಲ್ಲಿ ಭಾಗವತರ ಪದ ನಮ್ಮ ಅಂಗಳಕ್ಕೆ ತುಂಡು ತುಂಡಾಗಿ ಬರ್ತದೆ, ಅರ್ಧ ಸಾಲು ಕೇಳಿ ಉಳಿದರ್ಧ ನಾವೇ ಹೇಳೋದು. ಪಡು ಬದಿ ಆಟ ಆದ್ರೆ ಎಂತದೂ ಕೇಳೋದಿಲ್ಲ, ನಡ್ಕೊಂಡೇ ಹೋಗ್ಬೇಕು. ಹೋದ್ರೆ ಚರುಮುರಿ, ಬಿಸಿ ಗೋಳಿಬಜೆ, ಕೊಯ್ದ ಗದ್ದೆಯ ಕೂಳೆ ಚುಚ್ಚುವ ಜಾಗದಲ್ಲಿ ಕೂತ್ಕೊಳ್ಳೋದು. ಈಗ ಸುಮಾರು ಕಡೆ ಕಾಲಮಿತಿ, ಮಧ್ಯರಾತ್ರಿ ಹೊತ್ತಿಗೆ ಮುಗೀತದೆ. ಬೆಳಗಾಗುವಾಗ ರಾಕ್ಷಸ ಬಂದು ಬೊಬ್ಬೆ ಹೊಡೆದು ನಮ್ಮನ್ನು ನಿದ್ದೆಯಿಂದ ಎಬ್ಬಿಸುವ ಕಾಲ ಹೋಯ್ತು. ನಂಗೆ ಅದು ಬೇಜಾರೇ, ಮರುದಿನ ಆಫೀಸ್ ಇರುವವನಾಗಿ ಸ್ವಲ್ಪ ಖುಷಿಯೂ ಹೌದು.

ಮೇ ಕೊನೆಯ ವಾರ ಗಾಳಿ ಕೈ ಕೊಡ್ತದೆ. ಮೋಡ ಕಟ್ಟಿ ನಿಲ್ತದೆ, ಮೂರೂವರೆ ಆದ್ರೂ ಗರಿ ಅಲ್ಲಾಡೋದಿಲ್ಲ, ರಾತ್ರಿ ಕೊಡಚಾದ್ರಿ ಕಡೆ ಮಿಂಚು, ಹಡಿಯಲ್ಲಿ ಮಿಂಚುಹುಳ. ಇಡೀ ಊರಿಗೆ ಅರ್ಜೆಂಟ್ ಶುರು. ಕಟ್ಟಿಗೆ ಒಳಗೆ, ತೆಂಗಿನ ಮಡಲು ಹೆಣೆದು ಇರಚಲು ಬಾರದ ಹಾಗೆ ತಟ್ಟಿ, ಹಲಸಿನಬೀಜಕ್ಕೆ ಮಣ್ಣು ಹಚ್ಚಿ ಇಡೋದು, ಗಂಗೊಳ್ಳಿಯಿಂದ ಒಣಮೀನು. ಜೂನ್ 1ರಿಂದ ಜುಲೈ 31 ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ, ಆಗ ಹಸಿಮೀನಿನ ರೇಟು ಕೇಳಿದ್ರೆ ತಲೆ ತಿರುಗ್ತದೆ.

ಎಲ್ಲಕ್ಕಿಂತ ದೊಡ್ಡ ಟೆನ್ಷನ್ ಹಲಸಿನ ಹಪ್ಪಳದ್ದು. ಬಲಿತ ಕಾಯಿ, ಅದೂ ಬಕ್ಕೆ ಅಂದ್ರೆ ಗಟ್ಟಿ ಸೊಳೆಯ ಜಾತಿಯದ್ದೇ ಆಗ್ಬೇಕು ಅಂತ ಅಮ್ಮನ ಹಟ. ಕೈಗೆ ಎಣ್ಣೆ ಹಚ್ಚಿ ಸೊಳೆ ಬಿಡಿಸಿ, ಬೇಯಿಸಿ, ಮೆಣಸು ಜೀರಿಗೆ ಉಪ್ಪು ಹಾಕಿ ರುಬ್ಬಿ, ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ನಡುವೆ ಒತ್ತಿ, ಚಾಪೆ ಮೇಲೆ ಸಾಲಾಗಿ. ಅರ್ಧ ಉಂಡೆ ಹಾಗೇ ಕೊಬ್ಬರಿ ಎಣ್ಣೆ ಹಾಕಿ ನಮ್ಮ ಹೊಟ್ಟೆಗೆ. ಕಾಯುವ ಕೆಲಸ ಮಕ್ಕಳದ್ದು, ಈಗ ಮಕ್ಕಳಿಲ್ಲ, ನಂದು. ಒಳಗಿಂದ "ಕಾಕಿ ಬಂತ್ ಕಾಣ್" ಅಂತ, ಅಂದ್ರೆ ಕಾಗೆ ಬಂತು ನೋಡು ಅಂತ, ಕೂಗು ಬಂದ್ರೆ ಹೆಡ್‌ಫೋನ್ ಬಿಸಾಡಿ ಓಡೋದು.

2025ರಲ್ಲಿ ಏನಾಯ್ತು ಅಂದ್ರೆ ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂತು, ನಮ್ಮಲ್ಲಿಗೂ ಹಿಂದೆಯೇ. ಅಮ್ಮ ಜೂನ್ ಮೊದಲ ವಾರದ ಲೆಕ್ಕ ಹಾಕಿ ಕೂತಿದ್ಳು. ಇನ್ನೂರು ಹಪ್ಪಳ ಚಾಪೆ ಮೇಲೆ, ಒಂದೇ ಬಿಸಿಲು ಕಂಡದ್ದು, ಪಡು ಬದಿ ಕಪ್ಪಾಯ್ತು. ಅದೇ ಗಾಳಿ, ಈ ಸಲ ಮಳೆ ಹಿಡ್ಕೊಂಡೇ ಬಂತು. ನಾನು ಅಮ್ಮ ಚಾಪೆಯ ಎರಡು ತುದಿ ಹಿಡಿದು ಓಡಿದ್ದು, ನಡುವಿನ ಹಪ್ಪಳ ಎಲ್ಲಾ ಜಾರಿ ಒಂದಕ್ಕೊಂದು ಅಂಟಿದ್ದು. ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಹದಿನೈದು ದಿನ ಹೊಗೆಗೆ ಇಟ್ಟು ಒಣಗಿಸಿದೆವು. ಕಾಯಿಸಿದ್ರೆ ಸಿಗರೇಟಿನ ವಾಸನೆ. ನೆಂಟರಿಗೆ ಕೊಡ್ಲಿಕ್ಕೆ ನಾಚಿಕೆ ಆಗ್ತದೆ ಅಂತ ಅಮ್ಮ ಆ ಡಬ್ಬ ಒಳಗಿಟ್ಳು. ಮೀನಿಲ್ಲದ ಎರಡು ತಿಂಗಳು ಗಂಜಿಗೆ ಅದನ್ನೇ ಸುಟ್ಟು ತಿಂದು ಖಾಲಿ ಮಾಡಿದ್ದು ನಾವಿಬ್ರೇ, ನೆಂಟರು ಬಂದಾಗ ಅಂಗಡಿಯಿಂದ ತಂದದ್ದು ಕಾಯಿಸಿ ಕೊಟ್ಳು, ಮನೆಯದ್ದಾ ಅಂತ ಅವರು ಕೇಳಿದ್ದಕ್ಕೆ ಹೌದು ಅಂದ್ಳು.